ಹಿಮ್ಮೇಳದ ಕಾಶವ್ವ

ಹುಬ್ಬಳ್ಳಿಯ ಒಂದು ಎ.ಸಿ. ಹಾಲ್. ರೋಣದ ಕಡೆಯ ಗೀಗೀ ಮೇಳವೊಂದರ ಮೊದಲ ಆಲ್ಬಂ ಬಿಡುಗಡೆ ಅಂದು...

ಮೇಳ ಅಂದರೆ ಮೂರೇ ಜನ. ದಪ್ಪು ಬಾರಿಸುತ್ತ ಮುಂದೆ ನಿಂತು ಹಾಡುವ ದ್ಯಾಮವ್ವ. ತುಂತುಣಿ ಮೀಟುವ ಫಕೀರಪ್ಪ. ತಾಳ ಹಿಡಿದು ಹಿಮ್ಮೇಳ ಹಾಡುವ ಕಾಶವ್ವ, ದ್ಯಾಮವ್ವನಿಗೆ ಚಿಗವ್ವ, ಅಂದರೆ ಚಿಕ್ಕಮ್ಮ.

ಗೀಗೀ ಪದದ ರೀತಿಯೇ ಬೇರೆ. ಮುಂದಿನವಳು ಒಂದು ನುಡಿ ಹಾಡಿ ನಿಲ್ಲುತ್ತಾಳೆ. ಹಿಂದಿನವರು "ಗೀಯ ಗಾ ಗೀಯ..." ಎಂದು ಎಳೆಯುತ್ತಾರೆ.

ಅಷ್ಟರಲ್ಲಿ ಅವಳು ಉಸಿರು ತೆಗೆದುಕೊಂಡು, ಆ ದನಿಯಿಂದಲೇ ಶ್ರುತಿ ಹಿಡಿದು, ಮುಂದಿನ ನುಡಿಗೆ ಹೋಗಬೇಕು.

ಸ್ಟುಡಿಯೋದಲ್ಲಿ ದ್ಯಾಮವ್ವನನ್ನು ಗಾಜಿನ ಕೋಣೆಯೊಳಗೆ ಒಬ್ಬಳೇ ನಿಲ್ಲಿಸಿ ಹೆಡ್‌ಫೋನ್ ಹಾಕಿದ್ದರು. ಒಂದು ನುಡಿ ಮುಗಿದ ಕೂಡಲೇ ಅವಳ ದನಿ ದಾರಿ ತಪ್ಪುತ್ತಿತ್ತು...

ಹಿಮ್ಮೇಳವಿಲ್ಲದೆ ತನ್ನಿಂದ ಆಗದು ಎಂದು ಹಟ ಹಿಡಿದಳು. ಕಡೆಗೆ ಪಕ್ಕದ ಕೋಣೆಯಲ್ಲಿ ಕಾಶವ್ವನನ್ನು ಕೂರಿಸಿ, ಅವಳ ದನಿಯನ್ನು ಹೆಡ್‌ಫೋನಿಗೆ ಬಿಟ್ಟರು. ಆಮೇಲೆ ದ್ಯಾಮವ್ವ ಎಲ್ಲೂ ತಡವರಿಸಲಿಲ್ಲ.

ಬಿಡುಗಡೆಯ ದಿನ ಅವಳಿಗೂ ಫಕೀರಪ್ಪನಿಗೂ ವೇದಿಕೆ. ಕಾಶವ್ವನಿಗೆ ಕೆಳಗೊಂದು ಕುರ್ಚಿ. ವೇದಿಕೆ ಚಿಕ್ಕದು ಎಂದು ಕಂಪನಿಯ ಮ್ಯಾನೇಜರ್ ಸಬೂಬು ಹೇಳಿದ್ದ.

"ಲೈಟಿನ ಕಂಬಕ್ಕ ಜಾಗ ಐತಿ, ಹಿಡಿಯಷ್ಟು ಮುದುಕಿಗಿಲ್ಲ ನೋಡಕ್ಕಾ," ಎಂದು ಫಕೀರಪ್ಪ ಗೊಣಗಿದ.

ಗಣ್ಯರು ಬಟನ್ ಒತ್ತಿ ಬಿಡುಗಡೆ ಮಾಡುವ ಮೊದಲು ಒಂದು ಹಾಡು ಕೇಳಿಸಿದರು. ಸ್ಪೀಕರಿನಲ್ಲಿ ದ್ಯಾಮವ್ವನ ನುಡಿ ಮುಗಿಯಿತು. "ಗೀಯ..." ಬಂತು.

ಆದರೆ ಆ ದನಿ ಕಾಶವ್ವನದಲ್ಲ...

ನುಣುಪಾದ, ಎಳೆಯ ದನಿಗಳು. ಮೇಳವನ್ನು ಕಣ್ಣಲ್ಲೂ ಕಾಣದ ಯಾರೋ ಹುಡುಗಿಯರು.

ಮುಂದಿನ ನುಡಿಯಲ್ಲಾದರೂ ಬಂದೀತು ಎಂದು ದ್ಯಾಮವ್ವ ಕಾದಳು. ಹಾಡೇ ಮುಗಿಯಿತು. ಬರಲಿಲ್ಲ.

ಮ್ಯಾನೇಜರ್ ನಗುಮುಖದಲ್ಲೇ ಅವಳ ಕಿವಿಯಲ್ಲಿ ಪಿಸುಗುಟ್ಟಿದ. ಮುದುಕಿಯ ದನಿ ಒಡೆದಿದೆ, ಕ್ವಾಲಿಟಿ ಇಲ್ಲ. ಅದು ಬರೀ ಗೈಡ್ ಟ್ರ್ಯಾಕ್, ನಿಮಗೆ ಆಸರೆಗೆ ಅಂತ ಇಟ್ಟದ್ದು. ಕೆಲಸ ಮುಗೀತು, ಅಳಿಸಿದೆವು. ಎಲ್ಲರೂ ಹೀಗೇ ಮಾಡುವುದು...

ದ್ಯಾಮವ್ವನ ಮೈ ಉರಿಯಿತು. ಮೈಕ್ ಹಿಡಿದುಕೊಂಡೇ ಕೆಳಗಿಳಿದಳು.

"ಚಿಗವ್ವಾ... ನಿನ್ನ ದನಿ ತಗದಾರ ಬೇ."

ಕಾಶವ್ವ ತಲೆ ಎತ್ತಲಿಲ್ಲ. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಕೂತಳು.

"ಗೊತ್ತೈತಿ. ಹಾಡೂಕಿಂತ ಮದ್ಲ ಹೇಳಿದ್ರು. ನಿನಗ ಹೇಳಬ್ಯಾಡ ಅಂದಿದ್ರು."

"ಗೊತ್ತಿದ್ದೂ ಅಷ್ಟು ಎದಿ ಬಿಚ್ಚಿ ಯಾಕ ಹಾಡಿದಿ?"

"ನೀ ಉಸಿರು ತಗೋಬೇಕಿತ್ತಲ್ಲ, ಯವ್ವಾ."

ದ್ಯಾಮವ್ವನ ಕಣ್ಣು ತುಂಬಿತು. ಆದರೆ ಅತ್ತು ಹಗುರಾಗುವ ದುಃಖವಲ್ಲ ಅದು.

ಒಬ್ಬಳ ಹೆಗಲ ಮೇಲೆ ಇನ್ನೊಬ್ಬಳನ್ನು ಹತ್ತಿಸಿ, ಆಮೇಲೆ ಹೆಗಲು ಕೊಟ್ಟವಳನ್ನೇ ಒರೆಸಿಹಾಕಿ, ಅದಕ್ಕೆ 'ಕ್ವಾಲಿಟಿ' ಎಂದು ಹೆಸರಿಡುವವರ ಮೇಲಿನ ಸಿಟ್ಟು...

ಮೈಕ್ ಬಾಯಿಯ ಹತ್ತಿರ ತಂದಳು. "ನಾ ಹಾಡೂದು ನಿಮಗ ಕೇಳ್ತೈತಿ. ನಾ ಸುಮ್ಮನಾದಾಗ ಹಾಡು ಬೀಳದಂಗ ಹಿಡದಾಕಿ ಈಕಿ. ಈಕಿ ದನಿ ತಗದ್ರ ನನ್ನ ದನೀನೂ ತಗೀರಿ. ಈ ಆಲ್ಬಂ ಇವತ್ತು ಹೊರಗ ಬರೂದಿಲ್ಲ."

ಮ್ಯಾನೇಜರ್ ಯಾರಿಗೋ ಸನ್ನೆ ಮಾಡಿದ. ಮೈಕ್ ಆಫ್ ಆಯಿತು.

ಬಟನ್ ಮುಂದೆ ನಿಂತಿದ್ದ ಗಣ್ಯರು ಮುಖ ಮುಖ ನೋಡಿಕೊಂಡರು. ಯಾರೂ ಕೈ ಮುಂದೆ ಮಾಡಲಿಲ್ಲ.

ಫಕೀರಪ್ಪ ತುಂತುಣಿ ಹಿಡಿದು ತಾನೂ ಇಳಿದು ಬಂದ. ದ್ಯಾಮವ್ವ ಮೈಕಿಲ್ಲದೆ ಒಂದು ನುಡಿ ಹಾಡಿದಳು... ನಿಂತಳು.

ಎ.ಸಿ.ಯ ಗುಂಯ್ ಸದ್ದೊಂದೇ.

ಕಾಶವ್ವ ಸೆರಗು ಬಿಟ್ಟು ತಲೆ ಎತ್ತಿದಳು. ದನಿ ಬಂತು. ಒಡೆದ ದನಿಯೇ... ಆ ದನಿ ಕೇಳಲೆಂದು ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ನಿಂತರು.

ದ್ಯಾಮವ್ವ ಕಣ್ಣು ಮುಚ್ಚಿ, ಎದೆ ತುಂಬ ಉಸಿರು ತೆಗೆದುಕೊಂಡಳು.

*ನಮ್ಮನ್ನು ಬೀಳದಂತೆ ಹಿಡಿದವರನ್ನು ಅಳಿಸಿ ಪಡೆದ ಹೆಸರು, ಕದ್ದ ಹೆಸರೇ.*

ನೀವು ಉಸಿರು ತೆಗೆದುಕೊಳ್ಳಲು ನಿಂತಾಗ ನಿಮ್ಮ ಹಾಡನ್ನು ಹಿಡಿದವರು ಯಾರು? ನಾಲ್ಕು ಜನರ ಮುಂದೆ ಅವರ ಹೆಸರನ್ನು ಎಂದಾದರೂ ಹೇಳಿದ್ದೀರಾ...?