ಎರಡೂ ಚೆನ್ನಾಗಿದೆ ಅಕ್ಕಾ

ಕಣ್ಣಿನ ವಿಷಯ ಬಲ್ಲವರು ಕ್ಷಮಿಸಬೇಕು, ಸರದಿಯಲ್ಲಿ ಕೂತು ಕಂಡಷ್ಟನ್ನೇ ಹೇಳುತ್ತಿದ್ದೇನೆ.

"ಈ ಗಾಜಲ್ಲಿ ಚೆನ್ನಾಗಿ ಕಾಣುತ್ತಾ, ಆ ಗಾಜಲ್ಲಾ?" ಉಚಿತ ಶಿಬಿರದಲ್ಲಿ ಕಣ್ಣು ಪರೀಕ್ಷಿಸುವಾಕೆ ಮತ್ತೆ ಕೇಳಿದಳು. ಗಾಜು ಸಿಕ್ಕಿಸಿದ ಭಾರದ ಚೌಕಟ್ಟು ಮೂಗಿನಿಂದ ಜಾರದಂತೆ ಎರಡು ಕೈಯಲ್ಲೂ ಹಿಡಿದುಕೊಂಡಿದ್ದ ಪುಟ್ಟಿ, "ಎರಡೂ ಚೆನ್ನಾಗಿದೆ ಅಕ್ಕಾ" ಎಂದಳು. ಗಾಜು ಬದಲಾದಾಗಲೆಲ್ಲ ಅದೇ ಮಾತು.

"ಹೀಗಂದ್ರೆ ನಾನು ಯಾವ ಕನ್ನಡಕ ಕೊಡ್ಲಿ? ತಪ್ಪು ಕನ್ನಡಕ ಹಾಕ್ಕೊಂಡು ಬೋರ್ಡ್ ಹೇಗೆ ಓದ್ತೀಯ?"

"ಪರವಾಗಿಲ್ಲ ಅಕ್ಕಾ, ಯಾವುದಾದ್ರೂ ಸಾಕು."

ಹಿಂದೆ ನಿಂತಿದ್ದ ಅಮ್ಮನ ಮುಖ ಸಪ್ಪಗಾಯಿತು. ಆಕೆ ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುವವಳು. ಬಟ್ಟೆ ಕೊಡಲು ಹೋದ ಮನೆಗಳಲ್ಲಿ ಏನು ಕೊಟ್ಟರೂ ಸಾಕು ಅನ್ನಬೇಕು, ಆರಿಸಬಾರದು ಎಂದು ಮಗಳಿಗೆ ಕಲಿಸಿದ್ದು ಅವಳೇ. ಈಗ ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದಳು: "ಇವತ್ತು ಹಠ ಮಾಡೇ ಕಂದ. ಇದು ಬೇಡ, ಅದೇ ಬೇಕು ಅನ್ನು."

"ಬೈಯಲ್ವಾ?"

"ಇಲ್ಲ ಕಣೇ."

ಗಾಜು ಬದಲಾಯಿತು. "ಇದು ಬೇಡ" ಎಂದ ಪುಟ್ಟಿ ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದಳು. ಇನ್ನೊಂದು ಗಾಜು ಬಂತು. "ಇದೂ ಬೇಡ!" ಸರದಿಯಲ್ಲಿದ್ದ ಅಜ್ಜಿಯೊಬ್ಬಳು, "ಬಿಡಬೇಡ ನೋಡು, ನನ್ನ ತಾಯಿ" ಎಂದು ನಕ್ಕಳು. ಅದರ ಮುಂದಿನದಕ್ಕೆ ಪುಟ್ಟಿ ಉಸಿರು ಹಿಡಿದು ಗೋಡೆಯ ಅಕ್ಷರಗಳನ್ನು ಕೆಳಗಿನ ಸಾಲಿನವರೆಗೂ ಓದಿದಳು. ಆಮೇಲೆ ಕೇಳಿದಳು:

"ಅಕ್ಕಾ, ಇದಕ್ಕಿಂತ ಚೆನ್ನಾಗಿರೋದು ಇದ್ಯಾ?"

ಮನೆಗೆ ಹೋದ ಮೇಲೆ ಆ ಮಾತನ್ನು ಅವಳು ಇನ್ನೊಮ್ಮೆ ಕೇಳಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.