ನಮ್ಮ ರಂಜನನ ಗೋಡೆ

“ನಮ್ಮ ರಂಜನ್ ಕಟ್ಟಿಸಿದ ಗೋಡೆ. ಎಂತ ಸಹ ಆಗುವುದಿಲ್ಲ,” ಎಂದು ಉಮಾವತಿ ಚಿಕ್ಕಮ್ಮ ಫೋನಿನಲ್ಲಿ ಯಾರಿಗೋ ಹೇಳುತ್ತಿರುವಾಗಲೇ ಇಂಜಿನಿಯರ್ ರಂಜನ್ ಏದುಸಿರು ಬಿಡುತ್ತ ಬಾಗಿಲಿಗೆ ಬಂದು ನಿಂತ. ಘೋಡಬಂದರ್ ರಸ್ತೆಯ ಆ ವಸತಿ ಸೊಸೈಟಿಯ ಕಟ್ಟಡದಿಂದ ಉಳಿದವರೆಲ್ಲ ಆಗಲೇ ಕೆಳಗಿಳಿದಿದ್ದರು. ಪಕ್ಕದ ಹೊಸ ಟವರಿಗೆಂದು ತೋಡಿದ ಗುಂಡಿಗೆ ಈ ಕಡೆಯ ಮಣ್ಣು ಜರಿಯದಂತೆ ನೆಲದಾಳಕ್ಕೆ ಸಾಲಾಗಿ ಇಳಿಸಿದ್ದ ಪೈಲುಗಳೆಂಬ ಕಾಂಕ್ರೀಟ್ ಕಂಬಗಳ ಗೋಡೆ, ಹಿಂದಿನ ಮೂಲೆಯಲ್ಲಿ ವಾಲಿತ್ತು.

“ಬಂದೆಯಾ? ವಾಚ್‌ಮನ್ ಆಗಿನಿಂದ ಇಳಿಯಿರಿ ಇಳಿಯಿರಿ ಅಂತ ತಲೆ ತಿನ್ನುತ್ತಿದ್ದಾನೆ. ಅವನಿಗೆ ನೀನೇ ಒಂದು ಮಾತು ಹೇಳು ಮಾರಾಯ.”

ರಂಜನನ ಬೂಟಿನಿಂದ ಬಿಳಿ ಟೈಲ್ಸಿನ ಮೇಲೆ ಕಪ್ಪು ಕೆಸರು ಇಳಿಯುತ್ತಿತ್ತು. ವಾಲಿದ ಮೂಲೆಯಲ್ಲಿ ಮೆತ್ತಿಕೊಂಡ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಮೆದು ಕೆಸರು ಅದು. ಮಣ್ಣಿನ ಪರೀಕ್ಷೆಯ ದಿನ ಕೊರೆಯುವ ಯಂತ್ರ ಹಿಂದಿನ ಮೂಲೆಯವರೆಗೆ ಹೋಗಲು ದಾರಿಯಿರಲಿಲ್ಲ. ಗೇಟಿನ ಬಳಿ ಕೊರೆದಾಗ ಗಟ್ಟಿ ಕೆಂಪು ಮಣ್ಣು ಸಿಕ್ಕಿತ್ತು. ಒಂದೇ ಪ್ಲಾಟು, ಮಣ್ಣು ಬೇರೆ ಯಾಕಿರುತ್ತದೆ ಎಂದುಕೊಂಡು ಅವನು ಎಲ್ಲ ಪೈಲುಗಳಿಗೂ ಗಟ್ಟಿ ಮಣ್ಣಿಗೆ ಸಾಕಾಗುವ ಒಂದೇ ಆಳ ಬರೆದುಬಿಟ್ಟಿದ್ದ.

ಚಿಕ್ಕಮ್ಮ ಬಟ್ಟೆ ತಂದು, ಅವನ ಕಾಲಬುಡದಲ್ಲಿ ಕೂತು ಒರೆಸತೊಡಗಿದರು. “ಇರಲಿ, ಕೆಲಸ ಮಾಡುವವರ ಕಾಲಲ್ಲಿ ಮಣ್ಣು ಇರುವುದೇ. ನಿನ್ನ ಗೋಡೆ ಉಂಟಲ್ಲ, ನಾನು ಯಾಕೆ ಹೆದರಬೇಕು?”

ರಂಜನ್ ಬಗ್ಗಿ ಅವರ ಕೈಯಿಂದ ಬಟ್ಟೆ ತೆಗೆದುಕೊಂಡ. ಮುಖ ಎತ್ತಲು ಆಗಲಿಲ್ಲ.

“ಗೋಡೆ ನನ್ನದು ಚಿಕ್ಕಮ್ಮ. ಅದಕ್ಕೇ ಹೇಳುವುದು, ಇಳಿಯಿರಿ.”