ಕಿಲುಬು ಮೇಷ್ಟ್ರ ಕಾಸು

"ಯಾರು ತೊಳೆದದ್ದು ಇದನ್ನ?"

ಕಿಲುಬು ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಗವಸು ತೊಟ್ಟ ಎರಡು ಬೆರಳಲ್ಲಿ, ಅಂಚಿನಲ್ಲಿ ಮಾತ್ರ ಹಿಡಿದ ತಾಮ್ರದ ಕಾಸು. ಕಂಪನಿ ಕಾಲದ್ದು. ಬೆಳಗ್ಗೆ ಮೇಜಿನ ಮೇಲೆ ತೆಗೆದಿಟ್ಟಾಗ ಕಡುಕಂದಾಗಿದ್ದದ್ದು ಈಗ ಫಳಫಳ ಹೊಳೆಯುತ್ತಿತ್ತು.

ಸೊಸೆಯ ಪಕ್ಕದಲ್ಲಿ ಹಿಂಡಿದ ನಿಂಬೆ ಹೋಳು, ಉಪ್ಪಿನ ಡಬ್ಬಿ. ಅವಳು ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ.

"ಕೊಳೆ ಹಿಡಿದಿದೆ ಅಂದ್ಕೊಂಡೆ, ಮಾವ..."

ಮೇಷ್ಟ್ರಿಗೆ ಅಡ್ಡಹೆಸರಿಟ್ಟದ್ದು ನಾಣ್ಯ ಸಂಗ್ರಾಹಕರ ಸಂಘ. ಮೂವತ್ತು ವರ್ಷದಿಂದ ಅಲ್ಲಿ ಅವರದು ಒಂದೇ ಭಾಷಣ: ಹಳೆಯ ನಾಣ್ಯ ತೊಳೆಯಬೇಡಿ, ಕಿಲುಬು ಕೊಳೆಯಲ್ಲ, ಅದರ ವಯಸ್ಸು, ಅಸಲಿ ಕಿಲುಬನ್ನು ನಾನು ಮಾರು ದೂರದಿಂದಲೇ ಗುರುತಿಸಬಲ್ಲೆ. "ಚಿತ್ರಕಲೆ ಕಲಿಸಿದೆ, ಒಬ್ಬನೂ ಕಲಿಯಲಿಲ್ಲ. ಉಳಿದದ್ದು ಈ ಕಣ್ಣೊಂದೇ," ಎಂದು ತಮ್ಮನ್ನೇ ಹಂಗಿಸಿಕೊಂಡು ಇದೇ ಕಾಸನ್ನು ಎತ್ತಿ ತೋರಿಸುತ್ತಿದ್ದರು.

ಅದನ್ನು ನೋಡಲು ಸಂಜೆ ವಸ್ತುಸಂಗ್ರಹಾಲಯದ ಅಧಿಕಾರಿ ಬರುವವರಿದ್ದರು. ಒಪ್ಪಿದರೆ ಗಾಜಿನ ಪೆಟ್ಟಿಗೆಯೊಳಗೆ ಕಾಸು, ಅದರ ಕೆಳಗೆ ಮೇಷ್ಟ್ರ ಹೆಸರು. ಕರೆಂಟ್ ಬಿಲ್ಲು ಬಿಟ್ಟು ಬೇರೆಲ್ಲೂ ಅಚ್ಚಾಗದ ಹೆಸರು.

"ಮೊಟ್ಟೆ ಬೇಯಿಸ್ತೀನಿ," ಎಂದರು ಹೆಂಡತಿ.

"ಈಗ ಯಾರಿಗೆ ಬೇಕೇ ಮೊಟ್ಟೆ?"

"ಕಾಸಿಗೆ. ಡಬ್ಬಿಯಲ್ಲಿ ಜೊತೆಗೆ ಮುಚ್ಚಿಟ್ಟರೆ ಕಪ್ಪಾಗುತ್ತೆ. ಮೋಸಗಾರರು ಹಾಗೆ ಮಾಡ್ತಾರೆ ಅಂತ ನೀವೇ ಹೇಳಿದ್ದಲ್ವಾ? ಬಿಸಿ ಇರುವಾಗಲೇ ಒಡೀಬೇಕು. ಒಂದು ಸಾಲೋದಿಲ್ಲ, ಎರಡು ಬೇಕು."

ಇಷ್ಟೆಲ್ಲ ವಿವರ ಹೇಳಿದ್ದು ಮೇಷ್ಟ್ರಿಗೆ ನೆನಪಿರಲಿಲ್ಲ. ಹೇಳಿರಬೇಕು. ಬಾಯಿ ಬಿಟ್ಟರೆ ತಮಗೆ ಕಡಿವಾಣವಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಮೂವತ್ತು ವರ್ಷದ ಭಾಷಣವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ನಾಲ್ಕು ಗಂಟೆ ಹೊತ್ತು ಡಬ್ಬಿಯ ಎದುರೇ ಕೂತರು. ಕಾಸು ಕಂದು ಬಣ್ಣಕ್ಕೆ ತಿರುಗಿತು. ಮೇಷ್ಟ್ರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಅಧಿಕಾರಿ ಭೂತಗನ್ನಡಿ ಹಿಡಿದು ಬಗ್ಗಿದರು. ಆಮೇಲೆ ಮೂಗು ಅರಳಿಸಿದರು.

"ತಪ್ಪು ತಿಳೀಬೇಡಿ ಮೇಷ್ಟ್ರೇ. ಇದು ಇವತ್ತಿನ ಕಿಲುಬು. ಅಕ್ಷರದ ಸಂದಿಯಲ್ಲಿ ಇನ್ನೂ ತಾಮ್ರ ಹೊಳೀತಿದೆ. ಅಲ್ಲದೆ... ಮೊಟ್ಟೆ ವಾಸನೆ."

ಕೊಟ್ಟ ಚಹಾ ಮುಟ್ಟದೆ ಹೊರಟುಹೋದರು.

"ಮೋಸ ಮಾಡೋಕೂ ಯೋಗ್ಯತೆ ಬೇಕು ನೋಡು, ಅದೂ ನನಗಿಲ್ಲ," ಎಂದು ಮೇಷ್ಟ್ರು ನಗಲು ನೋಡಿದರು. ಬಾಗಿಲ ಮರೆಯಲ್ಲಿದ್ದ ಸೊಸೆ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಇನ್ನೂರು ವರ್ಷದ ಕಿಲುಬು ಅತ್ತೆ, ಒಂದೇ ನಿಮಿಷದಲ್ಲಿ ಉಜ್ಜಿಬಿಟ್ಟೆ."

ಅತ್ತೆ ಸೆರಗಿನಿಂದ ಅವಳ ಕಣ್ಣೊರೆಸಿದರು.

"ಇನ್ನೂರೆಲ್ಲಿ ಬಂತಮ್ಮ, ಮೂವತ್ತೇ. ಮದುವೆಯಾಗಿ ಬಂದ ತಿಂಗಳೇ ನಾನೂ ಉಜ್ಜಿದ್ದೆ. ಆಗ ಇವರು ಊರಲ್ಲಿರಲಿಲ್ಲ, ಮೊಟ್ಟೆ ಜೊತೆ ಮೂರು ದಿನ ಇಡೋಕೆ ಪುರುಸೊತ್ತಿತ್ತು."